ಹತ್ತದೇ ತೊಳೆದ ಟಾಕಿ

ನಮ್ಮ ಸೀಮೆಯಲ್ಲಿ ಭೂಕಂಪವಾಗಿ ನಾಲ್ಕು ವರ್ಷಕ್ಕೆ ನಮ್ಮ ಕಾಕಾ ನಿಲಂಗಾ ಪೇಟೆಯಲ್ಲಿ ಮೂರಂತಸ್ತಿನ ಕಾಂಪ್ಲೆಕ್ಸ್ ಕಟ್ಟಿಸಿದರು. ಕೆಳಗೆ ಅವರದೇ ಬಟ್ಟೆ ಅಂಗಡಿ, ಪಕ್ಕದಲ್ಲೊಂದು ಚಹಾದ ಹೋಟೆಲು, ನಡುವೆ ದಲಾಲರ ಆಫೀಸು, ಮೇಲೆ ಹುಡುಗಿಯರ ಹೊಲಿಗೆ ಕ್ಲಾಸು. ಎತ್ತರದ ಕಟ್ಟಡವೆಂದರೆ ಜನ ಇನ್ನೂ ಅನುಮಾನದಿಂದ ನೋಡುತ್ತಿದ್ದ ಕಾಲ. ಕಂಬಕ್ಕೆ ಎಷ್ಟು ಕಬ್ಬಿಣ ಹಾಕಿಸಿದ್ದೇನೆ ಎಂದು ಕಾಕಾ ಬಂದವರಿಗೆಲ್ಲ ವಿವರಿಸುತ್ತಿದ್ದರು. ನೀರಿನ ಉಸ್ತುವಾರಿಯನ್ನು ನನಗೆ ಒಪ್ಪಿಸಿದರು.

ಪೈಪು ಜೋಡಿಸಿದ್ದ ಮಿಸ್ತ್ರಿ ಔರಾದ ಶಹಾಜನಿಯವನು, ಐವತ್ತರ ಆಸುಪಾಸಿನ ಮಿತಭಾಷಿ. ಮೂರು ದಿನ ನನ್ನನ್ನು ಜೊತೆಗಿಟ್ಟುಕೊಂಡು ನೀರಿನ ದಾರಿ ತೋರಿಸಿದ. ನೆಲದಡಿಯ ಟಾಕಿಯಿಂದ ಮೋಟಾರು ನೀರನ್ನು ಮಾಳಿಗೆಯ ಟಾಕಿಗೆ ಎತ್ತುವುದು, ಅಲ್ಲಿಂದ ಪ್ರತಿ ಅಂತಸ್ತಿಗೂ ಬೇರೆ ಬೇರೆ ಪೈಪು ಇಳಿಯುವುದು, ಯಾವ ವಾಲ್ವ್ ತಿರುಗಿಸಿದರೆ ಯಾರ ನೀರು ನಿಲ್ಲುತ್ತದೆ ಎನ್ನುವುದು, ಎಲ್ಲವನ್ನೂ ಕೈಯಿಂದ ಮುಟ್ಟಿಸಿ ಕಲಿಸಿದ. ನಳ ಸೋರಿದರೆ ನಳದ ಮೇಲೆ ಸಿಟ್ಟಾಗಬೇಡಿ, ನೀರು ಬಂದ ದಾರಿ ಹಿಡಿದು ಹಿಂದಕ್ಕೆ ಹೋಗಿ ಅನ್ನುತ್ತಿದ್ದ. ನನಗೆ ಆ ಕೆಲಸ ಹಿಡಿಸಿತು. ಗೋಡೆಯೊಳಗಿನ ಸದ್ದು ಕೇಳಿಯೇ ಎಲ್ಲಿ ನೀರು ಹರಿಯುತ್ತಿದೆ ಎಂದು ಹೇಳಬಲ್ಲವನಾದೆ.

ಮಾಳಿಗೆಯ ಟಾಕಿಯನ್ನು ಎರಡು ತಿಂಗಳಿಗೊಮ್ಮೆ ನಾನೂ ಮಿಸ್ತ್ರಿಯೂ ಕೂಡಿ ತೊಳೆಯಬೇಕೆಂದು ಕಾಕಾ ಹೇಳಿದ್ದರು. ಒಬ್ಬರು ಒಳಗಿಳಿದು ಉಜ್ಜಬೇಕು, ಇನ್ನೊಬ್ಬರು ಕೆಸರನ್ನು ಬಕೆಟ್ಟಿನಲ್ಲಿ ಮೇಲೆಳೆಯಬೇಕು. ಟಾಕಿ ಇದ್ದದ್ದು ಮೆಟ್ಟಿಲ ಕೋಣೆಯ ನೆತ್ತಿಯ ಮೇಲೆ. ಅಲ್ಲಿಗೆ ಗೋಡೆಗೆ ಕೂರಿಸಿದ ಕಬ್ಬಿಣದ ಏಣಿ. ಮೊದಲ ಸಲ ಅರ್ಧ ಏಣಿ ಹತ್ತಿದ್ದೆ. ಕೆಳಗೆ ಯಾರೋ ಮೋಟಾರು ಚಾಲು ಮಾಡಿದರು. ಪಕ್ಕದ ಪೈಪು ನಡುಗಿತು, ಅದರೊಂದಿಗೆ ಏಣಿಯೂ ನಡುಗಿತು. ಭೂಕಂಪದಲ್ಲಿ ನಸುಕಿಗೆ ನಮ್ಮ ಮಣ್ಣಿನ ಮಾಳಿಗೆ ಕುಸಿದಾಗ ನಾನು ತೊಲೆಯ ಕೆಳಗೆ ಸಿಕ್ಕು, ಮಧ್ಯಾಹ್ನದ ಹೊತ್ತಿಗೆ ಹೊರಬಂದವನು. ಆ ನಡುಕ ಅಂಗೈಗೆ ತಾಗಿದ್ದೇ ತಡ, ಇಳಿದುಬಿಟ್ಟೆ. ಏಣಿಯ ಬುಡದಲ್ಲಿ ನಿಂತಿದ್ದ ಮಿಸ್ತ್ರಿಗೆ ಕಾಲು ಉಳುಕಿತು ಅಂದೆ.

ನಿಜ ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ. ನಮ್ಮ ಕಡೆ ಹಾಗೆ ಅಂಜಿದವರೇ ತುಂಬಿದ್ದರು. ಆದರೆ ಇಡೀ ಕಟ್ಟಡದ ನೀರು ನನ್ನ ಕೈಯಲ್ಲಿದೆ ಎಂಬ ಹಮ್ಮು ನನಗೆ ಬಂದಿತ್ತು. ಟಾಕಿ ತೊಳೆಯಲು ಬೇರೆಯವರು ಸಿಕ್ಕಿದ್ದಾರೆ ಎಂದು ಮಿಸ್ತ್ರಿಗೆ ಹೇಳಿ ಕಳಿಸಿದೆ. ಅಂಗಡಿಗೆ ರಜೆ ಇರುವ ದಿನ ಮಿಸ್ತ್ರಿ ಬಂದು ತೊಳೆದು ಹೋಗುತ್ತಾನೆ ಎಂದು ಕಾಕಾಗೆ ಹೇಳಿದೆ. ಆ ದಿನ ನಾನು ಮಾಳಿಗೆಯವರೆಗೆ ಮಾತ್ರ ಹೋಗಿ, ಟಾಕಿಯ ತಳದ ನೀರು ಬಿಡುವ ವಾಲ್ವ್ ತೆರೆಯುತ್ತಿದ್ದೆ. ರಾಡಿ ನೀರು ಗಟಾರಕ್ಕೆ ಸುರಿಯುವುದನ್ನು ಹೋಟೆಲಿನವರು ನೋಡುತ್ತಿದ್ದರು. ಒಂದಿಷ್ಟು ನೀರನ್ನು ಅಂಗಿಯ ಮೇಲೆ ಚಿಮುಕಿಸಿಕೊಂಡು, ಪ್ಯಾಂಟು ಮಡಿಸಿಕೊಂಡು ಕೆಳಗಿಳಿಯುತ್ತಿದ್ದೆ. ಹೀಗೆ ಒಂದು ವರ್ಷ ನಡೆಯಿತು.

ಬೇಸಿಗೆಯಲ್ಲಿ ಹೊಲಿಗೆ ಕ್ಲಾಸಿನ ಹುಡುಗಿಯರಿಗೆ ವಾಂತಿ ಶುರುವಾಯಿತು. ಇಬ್ಬರಿಗೆ ಸಲೈನ್ ಹಚ್ಚಬೇಕಾಯಿತು. ಕ್ಲಾಸು ನಡೆಸುತ್ತಿದ್ದ, ಎಲ್ಲರೂ ‘ಬಾಯಿ’ ಎಂದು ಕರೆಯುತ್ತಿದ್ದ ಹೆಂಗಸಿಗೆ ಬಕೆಟ್ಟಿನಲ್ಲಿ ಒಂದು ಗರಿ ಕಂಡಿತಂತೆ. ಆಕೆ ಯಾರನ್ನೂ ಕೇಳಲಿಲ್ಲ. ಸೆರಗು ಬಿಗಿದು, ನಾನು ಹತ್ತದ ಆ ಏಣಿಯನ್ನು ಹತ್ತಿದಳು. ಇಳಿದು ಬಂದು ಅಂಗಡಿಯಲ್ಲಿ ಕಾಕಾ ಕೂರುವ ಗಾದಿಯ ಮುಂದೆ ನಿಂತು ಮರಾಠಿಯಲ್ಲಿ ಹೇಳಿದಳು: ಮುಚ್ಚಳದ ಮೂಲೆ ಒಡೆದಿದೆ, ಒಳಗೆ ಪಾರಿವಾಳ ಸತ್ತು ಬಿದ್ದಿದೆ, ತಳದಲ್ಲಿ ಗೇಣು ದಪ್ಪ ಕೆಸರಿದೆ, ಅಲ್ಲಿ ಯಾರ ಕೈಯೂ ಆಡಿಲ್ಲ.

ಮರುದಿನ ಕಾಕಾ ಮಿಸ್ತ್ರಿಯನ್ನು ಕರೆಸಿದರು. ಕಾಂಪ್ಲೆಕ್ಸಿನವರೆಲ್ಲ ಅಂಗಡಿಯಲ್ಲಿ ನೆರೆದಿದ್ದರು. ಕಾಕಾ ಬೈಯುವಷ್ಟು ಬೈದರು. ಅವನು ಕೇಳಿಸಿಕೊಂಡು ನಿಧಾನವಾಗಿ ಅಂದ:

"ವರ್ಷ ಆತ್ರಿ, ನನಗ ಯಾರೂ ಕರದಿಲ್ಲ."

ಕಾಕಾ ನನ್ನ ಕಡೆ ತಿರುಗಿದರು. "ನೀ ಕರದಿದ್ದಿಲ್ಲೇನೋ?"

"ಕರದಿದ್ದೆ," ಅಂದೆ.

ಮಿಸ್ತ್ರಿ ನನ್ನ ಮುಖವನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಆಮೇಲೆ ಪೇಟೆಯಲ್ಲಿ ಇನ್ನೂ ಮೂರು ಕಟ್ಟಡಗಳ ಕೆಲಸ ಅವನ ಕೈತಪ್ಪಿತು. ನನ್ನ ಮಾತು ಅಲ್ಲಿಯವರೆಗೂ ಹೋಗಿತ್ತು.

ಮಳೆಗಾಲ ಕಳೆಯುವವರೆಗೆ ತಡೆದುಕೊಂಡೆ. ಕೊನೆಗೆ ಒಂದು ದಿನ ಔರಾದಿನ ಬಸ್ಸು ಹತ್ತಿದೆ. ಅವನು ಒಂದು ಖಾನಾವಳಿಯ ಹಿಂದೆ ಕೂತು ಕೈ ತೊಳೆಯುವ ತೊಟ್ಟಿಗೆ ಪೈಪು ಹಾಕುತ್ತಿದ್ದ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವನು ಕೈಯ ಕೆಲಸ ನಿಲ್ಲಿಸಲಿಲ್ಲ.

"ಗೊತ್ತಿತ್ತು ನನಗ," ಅಂದ. "ಏಣಿ ಇಳಿಯಾಗ ನಿಮ್ಮ ಕಾಲು ನೋಡಿದ್ದೆ."

"ಮತ್ತ ಕಾಕಾಗ ಯಾಕ ಹೇಳಲಿಲ್ಲ?"

"ನಾನೂ ಭೂಕಂಪದ ವರ್ಷದಿಂದ ಅಂಗಳದಾಗೇ ಮಲಗತೀನ್ರಿ. ಅಂಜಿದವರಿಗಿ ಮಂದಿ ಮುಂದ ನಿಲ್ಲಸೂದು ಬ್ಯಾಡ ಅನಿಸ್ತು." ಪೈಪು ಬಿಗಿಯುತ್ತ ಅಂದ, "ಅಂಜಿದ್ದು ತಪ್ಪಲ್ಲ. ಕರದಿದ್ದೆ ಅಂದ್ರಲ್ಲ, ಅದು ತಪ್ಪು. ಎಲ್ಲಿ ಅಂದ್ರಿ, ಅಲ್ಲೇ ಹೋಗಿ ಹೇಳ್ರಿ."

ಹೇಳಿದೆ. ಅದೇ ಅಂಗಡಿಯಲ್ಲಿ, ಗಿರಾಕಿಗಳಿದ್ದಾಗಲೇ. ಕಾಕಾ ಬಿಚ್ಚಿಟ್ಟಿದ್ದ ಸೀರೆಗಳನ್ನು ಒಂದೊಂದಾಗಿ ಮಡಿಸಿಟ್ಟರು. ಮರುದಿನ ತಾವೇ ಔರಾದಿಗೆ ಹೋಗಿ ಮಿಸ್ತ್ರಿಯ ಮುಂದೆ ಕೈಮುಗಿದು ಬಂದರಂತೆ. ನನ್ನಿಂದಾಗಿ ಅವರು ಅಷ್ಟು ವಯಸ್ಸಿನಲ್ಲಿ ಕೈಮುಗಿಯಬೇಕಾಯಿತು. ಮಿಸ್ತ್ರಿ ಬಂದ, ಹೊಸ ಮುಚ್ಚಳ ಕೂರಿಸಿ ಬೀಗ ಹಾಕಿದ, ಟಾಕಿಯ ಕೀಲಿಯನ್ನು ಹೊಲಿಗೆ ಬಾಯಿಯ ಕೈಗೆ ಕೊಟ್ಟು ಹೋದ. ಕಳೆದುಕೊಂಡ ಮೂರು ಕಟ್ಟಡಗಳಲ್ಲಿ ಒಂದು ಮಾತ್ರ ಅವನಿಗೆ ಮತ್ತೆ ಸಿಕ್ಕಿತು.

ಬಾಯಿ ನನ್ನೊಡನೆ ಜಗಳವಾಡಲಿಲ್ಲ. ಕ್ಲಾಸು ಇರುವವರೆಗೂ ಆಕೆ ಮತ್ತು ಆ ಹುಡುಗಿಯರು ಕುಡಿಯುವ ನೀರನ್ನು ಮನೆಯಿಂದಲೇ ತಂದರು. ದಿನಾ ಬೆಳಿಗ್ಗೆ ನನ್ನ ಮುಂದೆಯೇ ಬಾಟಲಿಗಳನ್ನು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ನಾನು ಮೋಟಾರಿನ ಹತ್ತಿರ ಏನೋ ಕೆಲಸ ಇರುವವನ ಹಾಗೆ ತಲೆ ತಗ್ಗಿಸಿಕೊಂಡು ಕೂತಿರುತ್ತಿದ್ದೆ.