ಎರಡು ಹಾಳೆ, ಒಂದು ಪಿನ್ನು

ಫರ್ನಾಂಡಿಸ್ ಅಂಕಲ್ ಮಂಡಿಯೂರಿ, ಟೇಪು ಹಿಡಿದು ಕುರ್ಚಿಗಳ ಎತ್ತರ ಅಳೆಯುತ್ತಿದ್ದರು. ಕಡಲಾಚೆಯ ಫೋರ್ಟ್ ಲೀ ಊರಿನ ಹೋಟೆಲೊಂದರ ಮ್ಯಾನೇಜರು. 'ನೀಲಿ ಟೈಯನ್ನು ಹೆಗಲ ಮೇಲೆ ಎಸೆದುಕೊಂಡು' ಎಂದು ಬರೆದು ಪೆನ್ನು ನಿಲ್ಲಿಸಿದೆ. ಅವರು ಟೈ ಕಟ್ಟಿದ್ದನ್ನು ನಾನು ಕಂಡೇ ಇಲ್ಲ. ಅದು ನನ್ನ ನೆನಪು ತೊಡಿಸಿದ್ದು. ಟೇಪು ಮಾತ್ರ ನಿಜ.

ಅಳೆಯಲು ಕಾರಣವಿತ್ತು. ಒಂದೇ ದ್ವೀಪವನ್ನು ತಮ್ಮದೆನ್ನುವ ಎರಡು ಸರ್ಕಾರಗಳು. ಒಂದನ್ನು ಇನ್ನೊಂದು ಸರ್ಕಾರವೆಂದೇ ಒಪ್ಪುವುದಿಲ್ಲ. ಹಾಗಾಗಿ ಅವುಗಳ ನಿವೃತ್ತ ಅಧಿಕಾರಿಗಳು ಖಾಸಗಿ ವ್ಯಕ್ತಿಗಳೆಂಬ ಹೆಸರಿನಲ್ಲಿ, ಇಂಥ ಮಾತುಕತೆ ಏರ್ಪಡಿಸುವ ನಮ್ಮ ಸಂಸ್ಥೆ ಕರೆದಾಗ ಆ ಹೋಟೆಲಿನಲ್ಲಿ ಸೇರುತ್ತಿದ್ದರು. ನಾನು ಟಿಪ್ಪಣಿ ಬರೆಯುವವಳು. ಯಾರ ಕುರ್ಚಿಯೂ ಇನ್ನೊಬ್ಬರದಕ್ಕಿಂತ ಎತ್ತರವಿರಬಾರದು. ಮೇಜಿನ ಮೇಲೆ ಬಾವುಟವಿಲ್ಲ, ಹುದ್ದೆಯ ಹೆಸರಿಲ್ಲ. ಲಾಬಿಯ ಭೂಪಟವನ್ನೂ ಅಂಕಲ್ ಇಳಿಸಿ ಲಾಂಡ್ರಿ ರೂಮಿನಲ್ಲಿ ಇಡುತ್ತಿದ್ದರು. ಎರಡು ಕಡೆಯ ಇಬ್ಬರು ಮುಖ್ಯಸ್ಥರಿಗೂ ಕಾಫಿ ಒಂದೇ ಕ್ಷಣದಲ್ಲಿ ಹೋಗಬೇಕು. ಕಾರ್ಕಳ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅಂಕಲ್ ಮಾತು ಅಲ್ಲಿಯದೇ.

"ಮದುವೆಗೆ ಬಂದ ಎರಡು ಕಡೆಯವರ ಹಾಗೆ ಮಾರಾಯ್ತಿ. ಐಸ್‌ಕ್ರೀಮ್ ಯಾರಿಗೆ ಮೊದಲು ಅಂತ ಶುರುವಾದ್ರೆ ಮದುವೆಯೇ ನಿಲ್ತದೆ."

ನಾಲ್ಕನೆಯ ಸಭೆಯಲ್ಲಿ ಒಂದು ಮಾತಿಗೆ ಇಬ್ಬರೂ ಒಪ್ಪಿದರು: ಎರಡೂ ಕಡೆಯ ಜೈಲುಗಳಲ್ಲಿದ್ದ ಹನ್ನೊಂದು ಮೀನುಗಾರರ ಬಿಡುಗಡೆ. ಒಂದೇ ಕಾಗದಕ್ಕೆ ಇಬ್ಬರೂ ಸಹಿ ಹಾಕಿದರೆ ಒಬ್ಬರನ್ನೊಬ್ಬರು ಸರ್ಕಾರವೆಂದು ಒಪ್ಪಿಕೊಂಡಂತೆ. ಆದ್ದರಿಂದ ಅದೇ ಮಾತು ಎರಡು ಹಾಳೆಯಲ್ಲಿ, ಬೇರೆ ಬೇರೆ ಸಹಿ. ಜೆರಾಕ್ಸ್ ತೆಗೆಯಲು ಹಾಳೆಗಳು ನನ್ನ ಕೈಗೆ ಬಂದವು. ಹಿಂದೆ ಪಾರ್ಸಿಪನಿ ಊರಿನ ಆಫೀಸುಗಳಲ್ಲಿ ಪಳಗಿದ ಕೈ. ಎರಡನ್ನೂ ಸೇರಿಸಿ ಪಿನ್ ಹೊಡೆದೆ.

ಒಂದು ಕಡೆಯ ಮುಖ್ಯಸ್ಥರು ಆ ಪಿನ್ನನ್ನೇ ನೋಡಿದರು. ಕನ್ನಡಕ ತೆಗೆದರು ಎಂದೂ ನೆನಪಿದೆ, ಹಾಕಿಕೊಂಡರು ಎಂದೂ. ಇದೀಗ ಒಂದೇ ದಾಖಲೆಯಾಯಿತು, ಯಾರು ಮಾಡಿದ್ದು ಎಂದು ಕೇಳಿದರು. ನನ್ನ ವೀಸಾ ಆ ಕೆಲಸಕ್ಕೆ ಅಂಟಿಕೊಂಡಿದ್ದು, ಕೆಲಸ ಹೋದರೆ ದೇಶ ಬಿಡಬೇಕಿದ್ದದ್ದು ಅಂಕಲ್‌ಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅವರು ನನ್ನತ್ತ ನೋಡದೆ, ತಾನೇ ಎಂದುಬಿಟ್ಟರು. ನಾನು ಬಾಯಿ ತೆರೆಯಲಿಲ್ಲ. ಹೊಸ ಹಾಳೆಗೆ ಸಹಿ ಹಾಕಲು ಮತ್ತೆ ರಾಜಧಾನಿಯ ಅನುಮತಿ ಬೇಕು ಎಂದು ಆ ಮುಖ್ಯಸ್ಥರು ಎದ್ದರು. ಅನುಮತಿ ಬರಲಿಲ್ಲ. ಸಭೆ ಮತ್ತೆ ಸೇರಲಿಲ್ಲ. ಅಂಕಲ್ ಆ ವರ್ಷವೇ ಕೆಲಸ ಕಳೆದುಕೊಂಡರು.

ಕಳೆದ ಚಳಿಗಾಲ ವುಡ್‌ಬ್ರಿಡ್ಜ್‌ನ ತಮ್ಮ ಮಗಳ ಮನೆಯಲ್ಲಿದ್ದ ಅವರನ್ನು ಕಂಡೆ. ಮೂಗಿಗೆ ಆಕ್ಸಿಜನ್ ನಳಿಕೆ. ಕ್ಷಮೆ ಕೇಳಲೆಂದೇ ಹೋಗಿದ್ದೆ. ಅವರೇ ಮೊದಲು ಕೇಳಿದರು.

"ಆ ಪಿನ್ ನಾನು ಹೊಡೀಬಾರದಿತ್ತು. ನಿಮ್ಮದೆಲ್ಲ ಹಾಳಾಯ್ತು."

ಅದು ನಟನೆಯಲ್ಲ. ಇಷ್ಟು ವರ್ಷ ಹೊತ್ತು ಹೊತ್ತು ಅವರಿಗೆ ಅದು ತಾವೇ ಮಾಡಿದ್ದಾಗಿತ್ತು.

"ಹೊಡೆದದ್ದು ನಾನು, ಅಂಕಲ್."

ಅವರು ಮೂಗಿನ ನಳಿಕೆ ಸರಿಸಿಕೊಂಡರು. "ಹೌದಾ? ಹಾಗಾದ್ರೆ ನಿಂಗೆ ಗೊತ್ತಿರ್ಬೇಕು. ಆ ಹನ್ನೊಂದು ಜನ ಮನೆಗೆ ಹೋದ್ರಾ?"

ನಾನು ಯಾವತ್ತೂ ವಿಚಾರಿಸಿರಲಿಲ್ಲ. ಹಾಗೆಂದೇ ಹೇಳಿದೆ. ಕೇಳಿ ತಿಳಿಸು ಎಂದರು.

ಉತ್ತರ ಸಿಗಲು ಮೂರು ವಾರ ಹಿಡಿಯಿತು. ಏಳು ಜನ ಕೊನೆಗೆ ಮನೆಗೆ ಹೋಗಿದ್ದರು. ನಾಲ್ವರು ಜೈಲಿನಲ್ಲೇ ತೀರಿದ್ದರು. ತಿಳಿಸಲೆಂದು ಅಂಕಲ್ ಮನೆಗೆ ಫೋನ್ ಮಾಡಿದೆ. ಎತ್ತಿದ ಮಗಳು, ಅಪ್ಪನನ್ನು ನಿನ್ನೆಯಷ್ಟೇ ಮಣ್ಣು ಮಾಡಿ ಬಂದೆವು ಎಂದಳು. ಏಳು ಜನ ಎಂದು ಅವಳಿಗೇ ಹೇಳಿದೆ.

ಯಾವ ಏಳು ಜನ ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.