ಅವ್ವನ ಮುಡಿ, ನನ್ನ ಕುತ್ತಿಗೆ

ಹೊಲಿಗೆ ಮೆಷಿನ್ ಮುಂದೆ ತಲೆ ತಗ್ಗಿಸಿ ಕೂತೇ ನನ್ನ ಕುತ್ತಿಗೆ ಹಾಳಾಯಿತು. ಕೆ.ಆರ್. ನಗರದ ಹೆಂಗಸರಲ್ಲಿ ಅರ್ಧ ಜನರ ರವಿಕೆ ನಾನೇ ಹೊಲಿದದ್ದು. ಅಳತೆ ಸರಿಯಿಲ್ಲ ಅಂತ ಜಗಳಕ್ಕೆ ಬಂದವರ ಕಡೆ ತಿರುಗಿ ನೋಡಲೂ ಆಗದ ಸ್ಥಿತಿಗೆ ಬಂದಿದ್ದೆ. ಎಣ್ಣೆ ನೀವಿಸಿಕೊಂಡೆ, ಪಟ್ಟಿ ಕಟ್ಟಿಕೊಂಡೆ, ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಡಿಸಿಕೊಂಡೆ. ಸತ್ತರೆ ಸಾಕು ಅಂತ ಒಂದು ದಿನ ಅಂದೇಬಿಟ್ಟೆ. ಅದನ್ನು ಕೇಳಿದ ಅವ್ವ, ನನ್ನ ನೋವು ನಿಂತ ದಿನವೇ ತನ್ನ ಮುಡಿ ಕೊಡುತ್ತೇನೆಂದು ಮನೆದೇವರಿಗೆ ಹರಕೆ ಹೊತ್ತಳು.

ಮೈಸೂರಿನ ಆಸ್ಪತ್ರೆಗೂ ಅವಳೇ ಜೊತೆಗೆ ಬಂದಳು. ಡಾಕ್ಟರು ಕುತ್ತಿಗೆಯ ನರಗಳ ಪಕ್ಕ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. "ಇದು ವಾಸಿ ಮಾಡೋ ಮದ್ದಲ್ಲಮ್ಮ, ಪರೀಕ್ಷೆ. ನೋವು ಯಾವ ನರದಿಂದ ಬರ್ತಿದೆ ಅಂತ ತಿಳಿಯೋಕೆ. ಕೆಲವೇ ಗಂಟೆ ಆರಾಮ, ಆಮೇಲೆ ನೋವು ಮತ್ತೆ ಬರುತ್ತೆ. ಇನ್ನೊಂದು ಸಲ ನೋಡಿಕೊಂಡು ಮುಂದಿನ ಚಿಕಿತ್ಸೆ" ಎಂದು ಬಿಡಿಸಿ ಹೇಳಿದರು. ಹೂಂ ಅಂತ ತಲೆಯಾಡಿಸಿದೆ. ನೋಯಲಿಲ್ಲ! ಅಷ್ಟೇ, ಡಾಕ್ಟರ ಮಾತು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟುಹೋಯಿತು.

ಬಸ್ಸಿನಲ್ಲಿ ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಹಿಂದಿನ ಸೀಟಿನವನು ಗಾಬರಿಯಾಗುವಷ್ಟು ತಿರುತಿರುಗಿ ನೋಡಿದೆ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಊರು ಬಂದರೂ ಮನೆಗೆ ಹೋಗಗೊಡಲಿಲ್ಲ.

"ನಿಂತ ದಿನ್ವೇ ಅಂದಿವ್ನಿ ಕಣವ್ವ. ದೇವ್ರಿಗೆ ನಾಳೆ ಬತ್ತೀನಿ ಅನ್ನಕ್ಕಾಯ್ತದಾ?" ಎಂದು ಮನೆದೇವರ ಗುಡಿಯಿರುವ ಸಾಲಿಗ್ರಾಮದ ಬಸ್ಸು ಹತ್ತಿಸಿದಳು. ಬೇಡ ಎನ್ನದೆ ನಾನೂ ಹತ್ತಿ ಕೂತೆ. ಡಾಕ್ಟರ ಮಾತೇ ಸುಳ್ಳಾಗಲಿ ಎಂಬ ಹುಚ್ಚು ಆಸೆ.

ಗುಡಿಯ ಹಿಂದೆ ಅವ್ವ ಕ್ಷೌರಕ್ಕೆ ಕೂತಳು. ನೆರೆತಿದ್ದರೂ ದಟ್ಟ ಕೂದಲು. ಅವಳು ಜಂಬ ಪಡುತ್ತಿದ್ದುದು ಅದೊಂದಕ್ಕೇ. ಒಂದು ಪಕ್ಕ ಬೋಳಾಗುವ ಹೊತ್ತಿಗೆ ನನ್ನ ಹೆಗಲ ಮೂಲೆಯಲ್ಲಿ ಚಳುಕು ಹೊಡೆಯಿತು. ಆಮೇಲೆ ಕುತ್ತಿಗೆ, ಕಿವಿಯ ಹಿಂಭಾಗ, ಎಲ್ಲ ಮೊದಲಿನಂತೆಯೇ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ತಡೆಯಲಾರದೆ ಕುತ್ತಿಗೆ ಹಿಡಿದುಕೊಂಡೆ. ಅವ್ವ ನೋಡಿಬಿಟ್ಟಳು.

"ಬಂತಾ?"

"ಊಂ ಕಣವ್ವ" ಎಂದು ಬಿಕ್ಕಿದೆ. "ಸಾಕು, ಎದ್ದೇಳು."

ಕ್ಷೌರದವನು ಕೈ ತಡೆದು ನಿಂತ. ಅವ್ವ ಉಳಿದಿದ್ದ ಕೂದಲನ್ನು ಮುಟ್ಟಿ ನೋಡಿಕೊಂಡಳು. ಮತ್ತೆ ತಲೆ ಬಗ್ಗಿಸಿದಳು.

"ಪೂರ್ತಿ ತೆಗಿಯಪ್ಪ. ಅರ್ಧ ಕೊಟ್ರೆ ಅವ್ನೂ ಅರ್ಧನೇ ಕೊಟ್ಟಾನು."