ದಾಫಿನಾ ಸಾವು ಬಯಸಿದ ವಾರ

ಪ್ಲೊವ್ದಿವ್ ನಗರದ ವೈರಸ್ ಪ್ರಯೋಗಾಲಯದಲ್ಲಿ ದಾಫಿನಾಳ ಕೆಲಸ ಗಾಜಿನ ಕೊಳವೆಗಳಲ್ಲಿ ಕೋತಿಯ ಜೀವಕೋಶಗಳನ್ನು ಸಾಕುವುದು. ಹೆತ್ತ ಮಕ್ಕಳನ್ನೂ ಅಷ್ಟು ಮುದ್ದು ಮಾಡಿದವಳಲ್ಲ. ಒಂದು ಕೊಳವೆ ಕೆಟ್ಟರೆ ಸಾಕು, ಅಂದು ಎದುರಿಗೆ ಸಿಕ್ಕವರಿಗೆಲ್ಲ ಬೈಗುಳ.

ಅಂಥವಳು 1966ರ ವಸಂತದಲ್ಲಿ ಅವೇ ಕೋಶಗಳು ಸಾಯಲಿ ಎಂದು ಹಾರೈಸಬೇಕಾಯಿತು. ಸೊಸೆ ಗಿಂಕಾ ಬಸುರಿ. ಅವಳು ಕೆಲಸ ಮಾಡುವ ಶಿಶುವಿಹಾರದಲ್ಲಿ ಆಗಷ್ಟೇ ರುಬೆಲ್ಲಾ ಎದ್ದಿತ್ತು. ಮಕ್ಕಳಿಗೆ ಅದು ನಾಲ್ಕು ಕೆಂಪು ಗುಳ್ಳೆ, ಅಷ್ಟೇ. ಬಸುರಿಗೆ ತಗುಲಿದರೆ ಹೊಟ್ಟೆಯ ಕೂಸಿನ ಕಣ್ಣು, ಕಿವಿ, ಹೃದಯಕ್ಕೇ ಕುತ್ತು. ಚಿಕ್ಕಂದಿನಲ್ಲೇ ಬಂದು ಹೋಗಿದ್ದರೆ ಭಯವಿಲ್ಲ. ಆದರೆ ಅದನ್ನು ಹೇಳಬೇಕಾದ ಗಿಂಕಾಳ ತಾಯಿ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಇನ್ನು ರಕ್ತವೇ ಹೇಳಬೇಕು.

ಹೇಳಿಸುವ ದಾರಿ ಮಾತ್ರ ವಿಚಿತ್ರ. ರುಬೆಲ್ಲಾ ವೈರಸ್ ಕೋಶದೊಳಗೆ ಸದ್ದಿಲ್ಲದೆ ಬೀಡುಬಿಡುತ್ತದೆ, ಆಮೇಲೆ ಬಂದ ಬೇರೆ ವೈರಸ್ಸನ್ನು ಅಲ್ಲಿ ಬೆಳೆಯಗೊಡುವುದಿಲ್ಲ. ದಾಫಿನಾ ಸೊಸೆಯ ರಕ್ತದ ತಿಳಿಯಲ್ಲಿ ರುಬೆಲ್ಲಾ ಬೆರೆಸಿ ಕೊಳವೆಗಳಿಗೆ ಹಾಕಿದಳು. ಕೆಲವು ದಿನ ಬಿಟ್ಟು, ಕೋಶಗಳನ್ನು ಕೊಲ್ಲುವ ಇನ್ನೊಂದು ವೈರಸ್ ಹಾಕಿದಳು. ರಕ್ತದಲ್ಲಿ ಹಳೆಯ ರಕ್ಷಣೆಯಿದ್ದರೆ ರುಬೆಲ್ಲಾ ಮೊದಲೇ ಸೋತಿರುತ್ತದೆ. ತಡೆಯುವವರಿಲ್ಲದೆ ಎರಡನೆಯದು ಎಲ್ಲವನ್ನೂ ಕೊಂದುಹಾಕುತ್ತದೆ. ಕೋಶಗಳು ಬದುಕಿದರೆ ರಕ್ತದಲ್ಲಿ ರಕ್ಷಣೆಯಿಲ್ಲವೆಂದೇ ಅರ್ಥ, ಕೂಸಿಗೆ ಅಪಾಯ.

ಮರುದಿನ ನೋಡಿದಳು. ಬದುಕಿದ್ದವು. ಅದರ ಮರುದಿನವೂ.

"ಸಾಯ್ಬಾರ್ದಾ, ಹಾಳಾದವೇ!" ಎಂದು ಗದರಿದಳು.

"ನೀವು ಮುದ್ದು ಮಾಡಿ ಸಾಕಿರೋವು ದಾಫಿನಕ್ಕಾ, ಅಷ್ಟು ಬೇಗ ಸಾಯ್ತವಾ? ಸ್ವಲ್ಪ ತಡ್ಕೊಳ್ಳಿ," ಎಂದರು ಪ್ರಯೋಗಾಲಯದ ಡಾಕ್ಟರ್ ಕಲ್ಚೇವ್. ನಗಿಸಲು ನೋಡಿದರು, ಅವಳು ನಗಲಿಲ್ಲ.

ಆಮೇಲೊಂದು ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ, ಕೋಶಗಳೆಲ್ಲ ಮುದುಡಿ ಗಾಜಿನಿಂದ ಕಳಚಿ ಬಿದ್ದಿದ್ದವು. ಸೊಸೆಯ ರಕ್ತ ಸೇರಿಸದೆ ಎರಡೂ ವೈರಸ್ ಹಾಕಿದ್ದ ಪಕ್ಕದ ಕೊಳವೆಗಳಲ್ಲಿ ಮಾತ್ರ ಒಂದು ಕೋಶವೂ ಅಲುಗಿರಲಿಲ್ಲ. ಪರೀಕ್ಷೆ ಸರಿಯಾಗಿಯೇ ನಡೆದಿತ್ತು. ದಾಫಿನಾ ಹೊರಗೆ ಓಡಿದಳು. ಓಣಿಯ ಬೆಂಚಿನ ಮೇಲೆ ಗಿಂಕಾ ಕಾದು ಕೂತಿದ್ದಳು.

"ಸತ್ತೋದ್ವು ಕಣೇ! ಒಂದೂ ಉಳೀಲಿಲ್ಲ!"

ಗಿಂಕಾ ಬಿಳಿಚಿಕೊಂಡಳು. "ಯಾ... ಯಾರತ್ತೆ ಸತ್ತಿದ್ದು?"

"ಅಯ್ಯೋ, ನನ್ನ ಬಾಯಿಗಿಷ್ಟು ಮಣ್ಣು ಹಾಕ! ನನ್ನ ಕೊಳವೇಲಿರೋವು ಕಣೇ. ನಿಂಗೆ ಚಿಕ್ಕೋಳಿದ್ದಾಗ್ಲೇ ಬಂದು ಹೋಗಿದೆ. ಕೂಸಿಗೇನೂ ಆಗಲ್ಲ."

ಗಿಂಕಾ ಅತ್ತಳು, ಮೂಗು ಒರೆಸಿಕೊಂಡಳು, ಮತ್ತೆ ಅತ್ತಳು. ಆಮೇಲೆ ಮೆಲ್ಲಗೆ ಕೇಳಿದಳು:

"ಹಂಗಾದ್ರೆ ನಂಗೆ ಅದು ಬಂದಾಗ ನಮ್ಮಮ್ಮ ನನ್ನ ಪಕ್ಕದಲ್ಲೇ ಕೂತಿರ್ತಾಳೆ, ಅಲ್ವಾ ಅತ್ತೆ?"

"ಕೂರದೆ ಇರ್ತಾಳೇನೇ, ಹುಚ್ಚಿ," ಎಂದಳು ದಾಫಿನಾ.